ಆಟವೂ ಜೂಜೂ

೨೦೨೫ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಕೇಂದ್ರ ಸರಕಾರದವರು ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣಕ್ಕಾಗಿ ಒಂದು ಮಸೂದೆಯನ್ನು ತಂದರು. ಅದು ೨೦ನೆಯ ತಾರೀಖು ಲೋಕಸಭೆಯಲ್ಲಿಯೂ ಮರುದಿನ ರಾಜ್ಯಸಭೆಯಲ್ಲಿಯೂ ಅಂಗೀಕೃತವಾಗಿ, ೨೨ನೆಯ ತಾರೀಖು ರಾಷ್ಟ್ರಪತಿಗಳ ಸಮ್ಮತಿಯನ್ನು ಪಡೆಯಿತು. ಇಷ್ಟು ದೊಡ್ಡ ವಿಷಯವು ಸಭೆಯ ಗದ್ದಲದ ನಡುವೆ, ಹೆಚ್ಚಿನ ಚರ್ಚೆಯಿಲ್ಲದೆ ಮೂರೇ ದಿನಗಳಲ್ಲಿ ಶಾಸನವಾದುದು ಪ್ರಜಾಪ್ರಭುತ್ವಕ್ಕೆ ಭೂಷಣವಲ್ಲ. ಆದರೂ ಆ ಶಾಸನದ ಮುಖ್ಯ ತತ್ತ್ವವನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಸ್ವಾಗತಿಸುವುದಕ್ಕೆ ಕಾರಣವೇನು, ಅದರಲ್ಲಿ ಉಳಿದಿರುವ ಕೊರತೆಯೇನು, ಶಾಸನದಿಂದ ಆಗದೆ ಸಮಾಜವೇ ಮಾಡಬೇಕಾದ ಕೆಲಸವೇನು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಶಾಸನವು ಆನ್‌ಲೈನ್ ಆಟಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಿಯಮಬದ್ಧವಾದ ಸ್ಪರ್ಧೆಯ ರೂಪದಲ್ಲಿ ಆಡುವ ಇ-ಸ್ಪೋರ್ಟ್ಸ್ ಒಂದು; ವಿನೋದಕ್ಕೂ ಕಲಿಕೆಗೂ ಆಡುವ ಸಾಮಾಜಿಕ ಆಟಗಳು ಎರಡನೆಯದು; ಹಣವನ್ನು ಕಟ್ಟಿ ಹಣವನ್ನು ಗೆಲ್ಲುವ ಆಸೆಯಿಂದ ಆಡುವ ಆಟಗಳು ಮೂರನೆಯದು. ಮೊದಲೆರಡಕ್ಕೆ ಪ್ರೋತ್ಸಾಹ, ಮೂರನೆಯದಕ್ಕೆ ಪೂರ್ಣ ನಿಷೇಧ. ಅಂಥ ಆಟವನ್ನು ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಗಳವರೆಗೆ ದಂಡ. ಅದರ ಜಾಹೀರಾತನ್ನು ಮಾಡುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಐವತ್ತು ಲಕ್ಷ ರೂಪಾಯಿಗಳವರೆಗೆ ದಂಡ ಎಂದು ಶಾಸನದಲ್ಲಿ ವಿಧಿಸಿದೆ. ಬ್ಯಾಂಕುಗಳೂ ಹಣ ಪಾವತಿಯ ಸಂಸ್ಥೆಗಳೂ ಅಂಥ ವ್ಯವಹಾರಕ್ಕೆ ದಾರಿ ಮಾಡಿಕೊಡಕೂಡದು. ಆಡಿ ಕಳೆದುಕೊಂಡವನಿಗೆ ಮಾತ್ರ ಶಿಕ್ಷೆಯಿಲ್ಲ. ಅವನನ್ನು ಅಪರಾಧಿಯೆಂದು ಎಣಿಸದೆ ಮೋಸಹೋದವನೆಂದು ಎಣಿಸಿದ್ದಾರೆ. ಇದು ವಿವೇಕದ ನಡೆಯೇ ಸರಿ.

ಆದರೆ ಈ ಶಾಸನದ ತಿರುಳು ಶಿಕ್ಷೆಯ ಪ್ರಮಾಣದಲ್ಲಿಲ್ಲ. ಆಟವು ಕೌಶಲದ್ದೋ ಅದೃಷ್ಟದ್ದೋ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಪಣವುಂಟೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಅದು ಕೇಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದೇ ಸರಿಯಾದ ಪ್ರಶ್ನೆ. ಬಹುಕಾಲದ ಹಿಂದೆಯೇ ಕೇಳಬೇಕಾಗಿದ್ದ ಪ್ರಶ್ನೆ.

ಕೌಶಲ ಮತ್ತು ಅದೃಷ್ಟಗಳ ವಿವಾದವು ಇಂದು ನಿನ್ನೆಯದಲ್ಲ. ೧೮೬೭ರಲ್ಲಿ ಬ್ರಿಟಿಷರು ಸಾರ್ವಜನಿಕ ಜೂಜಿನ ಕಾಯದೆಯನ್ನು ಮಾಡಿದಾಗಲೇ, ಕೇವಲ ಕೌಶಲದ ಆಟಗಳಿಗೆ ಅದು ಅನ್ವಯಿಸಲಾರದೆಂದು ಒಂದು ವಿನಾಯಿತಿಯನ್ನು ಇಟ್ಟರು. ಆ ಸಣ್ಣ ಕಿಂಡಿಯೇ ಮುಂದೆ ಮಹಾದ್ವಾರವಾಯಿತು. ೧೯೫೭ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಚಮರ್‌ಬಾಗ್‌ವಾಲಾ ಮೊಕದ್ದಮೆಯನ್ನು ನಮ್ಮ ಹಿರಿಯ ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿ ಪ್ರಾಂತದಲ್ಲಿ ಬಹುವಾಗಿ ಪ್ರಚಾರವಾಗುತ್ತಿದ್ದ ಪತ್ರಿಕೆಯೊಂದರ ಮೂಲಕ ನಡೆಯುತ್ತಿದ್ದ ಬಹುಮಾನದ ಪದಬಂಧ ಸ್ಪರ್ಧೆಯೇ ಆ ವ್ಯಾಜ್ಯದ ಮೂಲ. ಜೂಜು ಒಂದು ವ್ಯಾಪಾರವಲ್ಲ, ಆದಕಾರಣ ರಾಜ್ಯಾಂಗವು ವ್ಯಾಪಾರಕ್ಕೆ ಕೊಟ್ಟಿರುವ ಸ್ವಾತಂತ್ರ್ಯದ ರಕ್ಷಣೆ ಅದಕ್ಕಿಲ್ಲ ಎಂದು ನ್ಯಾಯಾಲಯವು ಸ್ಪಷ್ಟವಾಗಿ ಹೇಳಿತು. ಆದರೆ ಕೌಶಲವೇ ಪ್ರಧಾನವಾದ ಸ್ಪರ್ಧೆಯು ಜೂಜಲ್ಲ ಎಂದೂ ಹೇಳಿತು. ೧೯೬೮ರಲ್ಲಿ, ಆಂಧ್ರದ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ, ರಮ್ಮಿ ಎಂಬ ಇಸ್ಪೀಟಿನ ಆಟವು ಮುಖ್ಯವಾಗಿ ಕೌಶಲದ್ದು ಎಂಬ ತೀರ್ಪು ಬಂದಿತು. ೧೯೯೬ರಲ್ಲಿ ಕುದುರೆಯ ಪಂದ್ಯಕ್ಕೂ ಅದೇ ಮರ್ಯಾದೆ ದೊರೆಯಿತು.

ಆನ್‌ಲೈನ್ ಆಟಗಳ ವ್ಯಾಪಾರಿಗಳು ೧೯೬೮ರ ತೀರ್ಪನ್ನು ತಮ್ಮ ಕೋಟೆಯಾಗಿ ಮಾಡಿಕೊಂಡರು. ಆದರೆ ಆ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಅದನ್ನು ಅವರು ಉಚ್ಚರಿಸಿದ್ದು ಅಪರೂಪ. ಪಣ ಕಟ್ಟಿ ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಯಜಮಾನನು ಲಾಭವನ್ನು ಪಡೆಯುತ್ತಿದ್ದರೆ, ಆಟವು ರಮ್ಮಿಯೇ ಆಗಿದ್ದರೂ ಅಪರಾಧವು ಸಿದ್ಧವಾಗಬಹುದು ಎಂಬ ಅರ್ಥದ ಮಾತದು. ನಾಲ್ವರು ಮಿತ್ರರು ಸಂಜೆಯ ಹೊತ್ತು ಕಾಲಕ್ಷೇಪಕ್ಕಾಗಿ ಆಡುವುದಕ್ಕೂ, ಅವರು ಆಡಿದ ಪ್ರತಿಯೊಂದು ಕೈಯಿಂದಲೂ ಮೂರನೆಯವನೊಬ್ಬನು ತನ್ನ ಪಾಲನ್ನು ಎತ್ತಿಕೊಳ್ಳುವುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ಆ ನ್ಯಾಯಾಧೀಶರು ಬಲ್ಲವರಾಗಿದ್ದರು. ಅಡ್ಡೆಯ ಯಜಮಾನನು ಎಂದೂ ಆಡುವುದಿಲ್ಲ. ಆದುದರಿಂದ ಎಂದೂ ಸೋಲುವುದಿಲ್ಲ. ಫೋನಿನ ಆಟದ ಕಂಪನಿಯು ಈ ಯಜಮಾನನ ಸ್ಥಾನದಲ್ಲಿಯೇ ಇರುವುದಲ್ಲವೆ?

ನಮ್ಮ ನಾಡಿನ ಅನುಭವವನ್ನು ನೋಡೋಣ. ವಿಡಿಯೋ ಗೇಮುಗಳ ಮಳಿಗೆಗಳು ಬೆಂಗಳೂರಿನಲ್ಲಿ ತಲೆಯೆತ್ತಿದಾಗ, ಅವುಗಳಿಗೆ ಪರವಾನಗಿ ಬೇಕೆಂದು ಪೋಲೀಸ್ ಅಧಿಕಾರಿಗಳು ಹಟ ಹಿಡಿದರು. ಆ ವ್ಯಾಜ್ಯವು ಶಿವಾನಿ ಮೊಕದ್ದಮೆಯೆಂಬ ಹೆಸರಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ೧೯೯೫ರಲ್ಲಿ ಸರಕಾರದ ನಿಯಂತ್ರಣಾಧಿಕಾರವನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಯಂತ್ರವನ್ನು ಒಳಗೊಳಗೇ ತಿದ್ದಿ ಆಡುವವನ ಗೆಲುವನ್ನು ತಪ್ಪಿಸಬಹುದೆಂಬ ಸಂಗತಿಯೂ ಆ ವಿಚಾರಣೆಯಲ್ಲಿ ಪ್ರಸ್ತಾಪಕ್ಕೆ ಬಂದಿತ್ತು. ಅಂದು ಯಂತ್ರವು ಮಳಿಗೆಯಲ್ಲಿತ್ತು. ಪೋಲೀಸಿನವರು ಬಾಗಿಲು ತೆಗೆಯಿಸಿ ನೋಡಬಹುದಾಗಿತ್ತು. ಇಂದು ಯಂತ್ರದ ಒಂದು ತುದಿ ಮಗನ ಹಾಸಿಗೆಯ ಮೇಲಿದೆ, ಇನ್ನೊಂದು ತುದಿ ಯಾವ ದೇಶದಲ್ಲಿದೆಯೋ ಯಾರೂ ಕಾಣರು.

೨೦೨೧ರಲ್ಲಿ ಕರ್ನಾಟಕ ಸರಕಾರದವರು ಪೋಲೀಸ್ ಕಾಯದೆಗೆ ತಿದ್ದುಪಡಿಯನ್ನು ತಂದು, ಕೌಶಲದ ಆಟವಾದರೂ ಪಣ ಕಟ್ಟಿದರೆ ಅಪರಾಧವೆಂದು ವಿಧಿಸಿದರು. ಅದು ಆ ವರ್ಷದ ಅಕ್ಟೋಬರ್ ೫ರಿಂದ ಜಾರಿಗೆ ಬಂದಿತು. ೨೦೨೨ರ ಫೆಬ್ರವರಿ ೧೪ರಂದು ನಮ್ಮ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ಅಸಿಂಧುವೆಂದು ಸಾರಿತು. ಕೌಶಲದ ಆಟವನ್ನು ನಡೆಸುವುದು ರಾಜ್ಯಾಂಗವು ರಕ್ಷಿಸುವ ವ್ಯಾಪಾರವೆಂದೂ, ಅದನ್ನೂ ಅದೃಷ್ಟದ ಆಟವನ್ನೂ ಒಂದೇ ಹಗ್ಗದಲ್ಲಿ ಕಟ್ಟಲಾಗದೆಂದೂ ಪೀಠವು ಹೇಳಿತು. ರಾಜ್ಯಾಂಗಕ್ಕೆ ಅನುಗುಣವಾದ ಹೊಸ ಶಾಸನವನ್ನು ಮಾಡಲು ಅಡ್ಡಿಯಿಲ್ಲವೆಂದೂ ಹೇಳಿತು. ನ್ಯಾಯಾಲಯದ ಮಾತಿಗೆ ನಾವು ತಲೆಬಾಗುತ್ತೇವೆ. ಆದರೆ ಆ ತಿದ್ದುಪಡಿಯ ಒಂದು ದೌರ್ಬಲ್ಯವನ್ನು ಆಗಲೇ ಹೇಳಬೇಕಾಗಿತ್ತು, ಈಗಲಾದರೂ ಹೇಳುತ್ತೇವೆ. ಬಡ ಗುಮಾಸ್ತನ ಫೋನಿನ ರಮ್ಮಿಯನ್ನು ನಿಷೇಧಿಸಿದ ಆ ಶಾಸನವು ರೇಸ್‌ಕೋರ್ಸಿನ ಕುದುರೆ ಜೂಜನ್ನು ಮುಟ್ಟಲಿಲ್ಲ. ಅದಕ್ಕೆ ವಿನಾಯಿತಿಯನ್ನು ಬರೆದಿಟ್ಟಿತ್ತು. ದೊಡ್ಡವರ ಪಣಕ್ಕೆ ಒಂದು ನ್ಯಾಯ, ಚಿಕ್ಕವರ ಪಣಕ್ಕೆ ಇನ್ನೊಂದು ನ್ಯಾಯವಾದರೆ, ಶಾಸನದ ಮೇಲೆ ಜನರಿಗೆ ಗೌರವವು ಹೇಗೆ ತಾನೆ ಹುಟ್ಟೀತು?

ಕೌಶಲದ ವಾದಕ್ಕೆ ನಮ್ಮ ಪೂರ್ವಿಕರು ಎಂದೋ ಉತ್ತರವನ್ನು ಕೊಟ್ಟಿದ್ದಾರೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಕೋರನ ಪ್ರಲಾಪದ ಒಂದು ಸೂಕ್ತವಿದೆಯೆಂಬುದನ್ನು ಬಲ್ಲವರು ಬಲ್ಲರು. ಮಹಾಭಾರತದ ಸಭಾಪರ್ವವನ್ನು ಅರಿಯದ ಕನ್ನಡಿಗನಂತೂ ಇಲ್ಲ. ಹಸ್ತಿನಾವತಿಯ ಸಭೆಯಲ್ಲಿ ನಡೆದದ್ದು ಕೌಶಲದ ಆಟವೋ, ಅದೃಷ್ಟದ ಆಟವೋ? ಶಕುನಿಯನ್ನು ಕೇಳಿದರೆ ಕೌಶಲವೆನ್ನುವನು. ಧರ್ಮರಾಯನನ್ನು ಕೇಳಿದರೆ ದೈವವೆನ್ನುವನು. ಒಂದೇ ದಾಳ ಗೆಲ್ಲುವವನಿಗೆ ವಿದ್ಯೆಯಾಗಿಯೂ ಸೋಲುವವನಿಗೆ ವಿಧಿಯಾಗಿಯೂ ಕಂಡಿತು. ದ್ರೌಪದಿಗಾದರೋ ಈ ತರ್ಕದಿಂದ ಏನು ಪ್ರಯೋಜನ? ಅವಳನ್ನು ಸಭೆಗೆ ಎಳೆದು ತಂದದ್ದು ಪಣ. ಕೌಶಲವು ಹೆಚ್ಚಿದಷ್ಟೂ ಅಪಾಯವು ಕಡಮೆಯಾಗುವುದೆಂಬುದು ಕೇವಲ ಭ್ರಮೆ. ನುರಿತವನೂ ಹೊಸಬನೂ ಒಂದೇ ಮಣೆಯ ಮುಂದೆ ಹಣವಿಟ್ಟು ಕುಳಿತರೆ, ಹೊಸಬನ ಗಂಟು ನುರಿತವನಿಗೆ ಸೇರುವುದು ಇನ್ನಷ್ಟು ಖಚಿತವಾಗುತ್ತದೆ, ಅಷ್ಟೆ. ಇಷ್ಟಕ್ಕೂ ಸೋತವನಿಗೆ ‘ಇದು ಕೌಶಲದ ಆಟ’ ಎಂದು ಹೇಳುವುದೇ ಅತ್ಯಂತ ಕ್ರೂರವಾದ ಪ್ರಲೋಭನೆ. ಅದೃಷ್ಟದ ಆಟದಲ್ಲಿ ಸೋತವನು ಹಣೆಬರಹವೆಂದು ಎದ್ದು ಹೋಗಬಹುದು; ಕೌಶಲವೆಂದು ನಂಬಿದವನು ನಾಳೆ ಕಲಿತು ಗೆಲ್ಲುವೆನೆಂದು ಮತ್ತೆ ಕುಳಿತುಕೊಳ್ಳುತ್ತಾನೆ.

ಹಿಂದಿನ ಇಸ್ಪೀಟಿನ ಅಡ್ಡೆಗೂ ಈಗಿನ ಫೋನಿನ ಅಡ್ಡೆಗೂ ಇರುವ ಭೇದವನ್ನು ನಮ್ಮ ಅಧಿಕಾರಿವರ್ಗದವರು ಚೆನ್ನಾಗಿ ಮನಗಾಣಬೇಕು. ಅಡ್ಡೆಗೆ ಹೋಗುವವನು ಮನೆಯಿಂದ ಹೊರಡಬೇಕಾಗಿತ್ತು. ಬೀದಿಯಲ್ಲಿ ಪರಿಚಿತರ ಕಣ್ಣಿಗೆ ಬೀಳಬೇಕಾಗಿತ್ತು. ಕಿಸೆಯ ಹಣ ಮುಗಿದ ಕೂಡಲೇ ಏಳಬೇಕಾಗಿತ್ತು. ನಾಚಿಕೆ, ದೂರ, ಬರಿಗೈ ಈ ಮೂರೂ ಸೇರಿ ಎಷ್ಟೋ ಸಂಸಾರಗಳನ್ನು ಉಳಿಸಿದವು. ಫೋನು ಈ ಮೂರು ಬೇಲಿಗಳನ್ನೂ ಕಿತ್ತೊಗೆಯಿತು. ಹೆಂಡತಿಯ ಪಕ್ಕದಲ್ಲಿ ಮಲಗಿರುವಾಗಲೇ ಗಂಡನು ಅಡ್ಡೆಯಲ್ಲಿರಬಹುದು. ಸಂಬಳವು ಖಾತೆಗೆ ಬಂದ ರಾತ್ರಿಯೇ ಬೆರಳ ತುದಿಯಿಂದ ಅದು ಹೊರಟುಹೋಗಬಹುದು. ಸಂಬಳ ಮುಗಿದರೆ ಸಾಲವನ್ನು ಕೊಡುವ ಇನ್ನೊಂದು ಆ್ಯಪ್ ಅದೇ ಫೋನಿನಲ್ಲಿ ಕಾದಿರುತ್ತದೆ. ಹೊಸಬನಿಗೆ ಮೊದಲು ಪುಕ್ಕಟೆ ಬೋನಸ್ಸು; ನಾಲ್ಕು ದಿನ ಆಡದಿದ್ದವನಿಗೆ ಕರೆಯೋಲೆ; ಕಳೆದುಕೊಂಡವನಿಗೆ ರಿಯಾಯಿತಿ. ಅಡ್ಡೆಯ ಯಜಮಾನನು ಗಿರಾಕಿಯ ಮುಖವನ್ನು ನೋಡಿ ಊಹಿಸುತ್ತಿದ್ದುದನ್ನು ಗಣಕಯಂತ್ರವು ಲೆಕ್ಕವಿಟ್ಟು ತಿಳಿಯುತ್ತದೆ: ಇವನು ಎಷ್ಟು ಹೊತ್ತಿಗೆ ಆಡುತ್ತಾನೆ, ಎಷ್ಟು ಸೋತರೆ ಏಳುತ್ತಾನೆ, ಏನು ತೋರಿಸಿದರೆ ಮತ್ತೆ ಕುಳಿತುಕೊಳ್ಳುತ್ತಾನೆ.

ಸರಕಾರದವರು ಮಸೂದೆಯ ಕಾಲದಲ್ಲಿ ಹೇಳಿದ ಅಂದಾಜಿನ ಪ್ರಕಾರ, ದೇಶದಲ್ಲಿ ೪೫ ಕೋಟಿ ಜನರು ಇಂಥ ಆಟಗಳಿಂದ ವರ್ಷಕ್ಕೆ ಸುಮಾರು ೨೦,೦೦೦ ಕೋಟಿ ರೂಪಾಯಿಗಳನ್ನು ಕಳೆದುಕೊಳ್ಳುತ್ತಿದ್ದರು. ಜನಸಂಖ್ಯೆಯ ಮೂರನೆಯ ಒಂದು ಭಾಗವೆಂದರೆ ನಂಬುವುದು ಕಷ್ಟ, ಅಂದಾಜು ಅಂದಾಜೇ. ಆದರೆ ಅದರ ಅರ್ಧವನ್ನು, ಕಾಲುಭಾಗವನ್ನು ಒಪ್ಪಿದರೂ ಅದು ಚಿಕ್ಕ ಅನರ್ಥವಲ್ಲ. ಒಂದು ಮನೆಯಲ್ಲಿ ಮಗಳ ಕಾಲೇಜಿನ ಶುಲ್ಕ, ಇನ್ನೊಂದು ಮನೆಯಲ್ಲಿ ತಾಯಿಯ ಔಷಧದ ಹಣ, ಮತ್ತೊಂದು ಮನೆಯಲ್ಲಿ ಅಡವಿಟ್ಟ ಮಾಂಗಲ್ಯದ ಸರ, ಹೀಗೆ ಹನಿಹನಿಯಾಗಿ ಸೇರಿದ ಮೊತ್ತವದು.

ಇನ್ನು ಬೊಕ್ಕಸದ ಮಾತು. ನಮ್ಮ ರಾಷ್ಟ್ರೀಯ ಚಳವಳಿಯು ಪರಕೀಯ ಸರಕಾರದ ಮೇಲೆ ಹೊರಿಸಿದ ದೋಷಗಳಲ್ಲಿ ಅಬಕಾರಿಯೂ ಒಂದು. ಪ್ರಜೆಯನ್ನು ಕುಡಿಸಿ ಆ ಕಾಸಿನಿಂದ ಆಡಳಿತ ನಡೆಸುವುದು ಹೇಯವೆಂದು ಅಂದಿನ ಪತ್ರಿಕೆಗಳು ಬರೆದವು. ಹೆಂಡದಂಗಡಿಗಳ ಮುಂದೆ ಸ್ತ್ರೀಯರು ಪಿಕೆಟಿಂಗ್ ಮಾಡಿ ಸೆರೆಮನೆಗೆ ಹೋದರು. ಸ್ವರಾಜ್ಯವು ಬಂದ ಮೇಲೆ ನಮ್ಮವರೇ ಆ ಪಾಠವನ್ನು ಆಗಾಗ ಮರೆತರು. ಸರಕಾರವೇ ಲಾಟರಿಯನ್ನು ನಡೆಸಿತು; ಕೊನೆಗೆ ೨೦೦೭ರಲ್ಲಿ ಕರ್ನಾಟಕದಲ್ಲಿ ಲಾಟರಿಯೂ ಸಾರಾಯಿಯೂ ಎರಡೂ ನಿಷಿದ್ಧವಾದವು. ಬೊಕ್ಕಸಕ್ಕೆ ಬರುವ ಹಣವು ಕೈಬಿಟ್ಟುಹೋಗುವುದೆಂದು ಆಗಲೂ ಅಂಜಿದವರಿದ್ದರು, ರಾಜ್ಯವೇನೂ ದಿವಾಳಿಯಾಗಲಿಲ್ಲ. ಹೀಗಿದ್ದರೂ ಆನ್‌ಲೈನ್ ಹಣದ ಆಟಗಳ ವಿಷಯದಲ್ಲಿ ಮೊದಲು ತೋರಿಬಂದದ್ದು ತೆರಿಗೆಯ ಕಣ್ಣು. ೨೦೨೩ರ ಅಕ್ಟೋಬರ್ ೧ರಿಂದ, ಆಟಗಾರನು ಕಟ್ಟುವ ಪೂರ್ಣ ಹಣದ ಮೇಲೆ ನೂರಕ್ಕೆ ೨೮ರಂತೆ ತೆರಿಗೆಯನ್ನು ವಿಧಿಸಲಾಯಿತು. ಒಂದು ದುರ್ವ್ಯಸನದಿಂದ ಬರುವ ಹಣವನ್ನು ಸರಕಾರವು ಒಮ್ಮೆ ಉಣ್ಣಲು ತೊಡಗಿದರೆ, ಆ ವ್ಯಸನವನ್ನು ಬಿಡಿಸುವ ಕೈ ಸೋಲುತ್ತದೆ. ಈ ಆದಾಯವನ್ನು ತ್ಯಜಿಸಲು ಸಿದ್ಧರಾದುದಕ್ಕಾಗಿ ಸರಕಾರದವರನ್ನು ನಾವು ಅಭಿನಂದಿಸಲೇಬೇಕು.

ಈ ಶಾಸನಕ್ಕೆ ಬಂದಿರುವ ಆಕ್ಷೇಪಗಳನ್ನು ಅಲಕ್ಷಿಸುವುದು ನ್ಯಾಯವಲ್ಲ. ಮೊದಲನೆಯದಾಗಿ, ಜೂಜು ಮತ್ತು ಪಣಗಳು ರಾಜ್ಯಾಂಗದ ರಾಜ್ಯಪಟ್ಟಿಯ ೩೪ನೆಯ ವಿಷಯವಾಗಿರಲು, ಲೋಕಸಭೆಗೆ ಈ ಅಧಿಕಾರವೆಲ್ಲಿಯದು ಎಂಬ ಪ್ರಶ್ನೆ. ಇದು ತೂಕದ ಪ್ರಶ್ನೆಯೆಂಬುದನ್ನು ಪ್ರಾಂತಗಳ ಹಕ್ಕನ್ನು ಬಲ್ಲ ನಾವು ಒಪ್ಪುತ್ತೇವೆ. ನಮ್ಮ ಹೈಕೋರ್ಟೂ ಸೇರಿ ಬೇರೆ ಬೇರೆ ಹೈಕೋರ್ಟುಗಳಲ್ಲಿ ದಾಖಲಾದ ಅರ್ಜಿಗಳನ್ನು ಸುಪ್ರೀಂ ಕೋರ್ಟು ೨೦೨೫ರ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು. ಅಧಿಕಾರವು ಯಾರದೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಪಣವು ಸಮಾಜಕ್ಕೆ ಹಿತವೋ ಅಹಿತವೋ ಎಂಬುದನ್ನು ನಿರ್ಣಯಿಸುವುದು ಸಮಾಜದ ಕೆಲಸ. ಎರಡನೆಯದಾಗಿ, ಈ ಕಂಪನಿಗಳಲ್ಲಿ ದುಡಿಯುತ್ತಿದ್ದ ಸಾವಿರಾರು ತರುಣರ ಗತಿಯೇನೆಂಬ ಪ್ರಶ್ನೆ. ಅವರಲ್ಲಿ ಎಷ್ಟೋ ಜನರು ಬೆಂಗಳೂರಿನವರು. ಅವರ ಸಂಕಟವು ನಿಜವಾದದ್ದು. ಆದರೆ ಅವರ ವಿದ್ಯೆಯು ಜೂಜಿನ ಹೊರತು ಬೇರೆಲ್ಲಿಯೂ ನಡೆಯದ ನಾಣ್ಯವಲ್ಲ. ಮೂರನೆಯದಾಗಿ, ದೇಶದ ಕಂಪನಿಗಳನ್ನು ಮುಚ್ಚಿದರೆ ಜನರು ಪರದೇಶದ ಕಳ್ಳ ಆ್ಯಪ್‌ಗಳ ಬಾಯಿಗೆ ಬೀಳುವರೆಂಬ ಭಯ. ಈ ಆಕ್ಷೇಪವನ್ನು ನಾವು ಎಲ್ಲಕ್ಕಿಂತ ಗಂಭೀರವಾಗಿ ಎಣಿಸುತ್ತೇವೆ. ಹಣವು ಹರಿಯುವ ದಾರಿಯನ್ನು ಬ್ಯಾಂಕುಗಳೂ ಪೋಲೀಸಿನವರೂ ಕಾಯದೆ ಹೋದರೆ ಶಾಸನವು ಕಾಗದದ ಹುಲಿಯಾಗುವುದು ನಿಶ್ಚಯ.

ನಮ್ಮ ಆತ್ಮಪರೀಕ್ಷೆಯನ್ನೂ ಇಲ್ಲಿ ಮಾಡಿಕೊಳ್ಳಬೇಕು. ೨೦೨೩ರಿಂದ ೨೦೨೫ರ ಆಗಸ್ಟಿನವರೆಗೆ ರಾಷ್ಟ್ರೀಯ ಕ್ರಿಕೆಟ್ ತಂಡದ ಅಂಗಿಯ ಮೇಲೆ ಇಂಥ ಒಂದು ಕಂಪನಿಯ ಹೆಸರು ಮೆರೆಯಿತು. ಹುಡುಗರು ದೇವರಂತೆ ಕಾಣುವ ಆಟಗಾರರೂ ನಟರೂ ಅದರ ಗುಣಗಾನ ಮಾಡಿದರು. ಪತ್ರಿಕೆಗಳೂ ಆ ಜಾಹೀರಾತುಗಳನ್ನು ಮುಖಪುಟದಲ್ಲಿ ಅಚ್ಚುಹಾಕಿ ಹಣವನ್ನು ಎಣಿಸಿಕೊಂಡವು. ಅಪಾಯದ ಎಚ್ಚರಿಕೆಯನ್ನು ಇರುವೆಯ ಅಕ್ಷರಗಳಲ್ಲಿ ಮೂಲೆಗೆ ಹಾಕಿದ ಮಾತ್ರಕ್ಕೆ ಧರ್ಮವು ಸಂದಿತೆಂದು ನಾವು, ಪತ್ರಿಕೆಯವರು, ಹೇಳಿಕೊಳ್ಳಲಾರೆವು.

ಇಷ್ಟು ಹೇಳಿದುದರಿಂದ ವಿಡಿಯೋ ಗೇಮುಗಳನ್ನೇ ಊರಿನಿಂದ ಓಡಿಸಬೇಕೆಂಬ ಹಿರಿಯರ ಪಂಗಡಕ್ಕೆ ನಾವು ಸೇರಿದೆವೆಂದು ಯಾರೂ ತಿಳಿಯಬಾರದು. ಆಟಕ್ಕೂ ಜೂಜಿಗೂ ನಡುವೆ ಗೆರೆಯನ್ನು ಎಳೆಯುವುದರ ಅರ್ಥವೇ ಗೆರೆಯ ಈಚೆಗಿರುವ ಆಟವನ್ನು ಗೌರವಿಸುವುದು. ೧೯೫೮ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಗೆ ಬರುವ ಜನರ ಬೇಸರವನ್ನು ಕಳೆಯಲು ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿಯು ಪುಟ್ಟ ಪರದೆಯ ಮೇಲೆ ಟೆನಿಸ್ ಆಟವನ್ನು ತೋರಿಸಿದನು. ೧೯೬೨ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ತರುಣರು ಆಕಾಶನೌಕೆಗಳ ಕಾಳಗದ ಆಟವೊಂದನ್ನು ರಚಿಸಿದರು. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿತ್ನೋವ್ ಎಂಬವನು ಬೀಳುವ ಚೌಕಗಳನ್ನು ಜೋಡಿಸುವ ಟೆಟ್ರಿಸ್ ಆಟವನ್ನು ಕಟ್ಟಿದನು. ಭಾಷೆ ತಿಳಿಯದವರೂ ಲೋಕದಾದ್ಯಂತ ಅದನ್ನು ಆಡಿದರು. ಇವೆಲ್ಲ ಮನುಷ್ಯಬುದ್ಧಿಯ ಸಹಜ ಲೀಲೆಗಳು. ಇವುಗಳಲ್ಲಿ ಪಣದ ಸೋಂಕಿಲ್ಲ. ೨೦೧೧ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗ್ರಂಥಕ್ಕೂ ನಾಟಕಕ್ಕೂ ಇರುವ ವಾಕ್‌ಸ್ವಾತಂತ್ರ್ಯದ ರಕ್ಷಣೆಯು ವಿಡಿಯೋ ಗೇಮಿಗೂ ಉಂಟೆಂದು ಹೇಳಿತು. ೨೦೨೩ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೂ ಪದಕಗಳನ್ನು ಕೊಟ್ಟರು.

ಆಟವನ್ನು ಹಗುರವಾಗಿ ಕಾಣುವುದು ನಮ್ಮ ನಾಡಿನ ಸಂಪ್ರದಾಯವೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನೂ ಗಂಜೀಫಾ ಎಲೆಗಳ ಆಟಗಳನ್ನೂ ಕಲ್ಪಿಸಿದವರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿಚಾರವೂ ಬಂದಿದೆ. ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿಕುರಿಯಾಟಗಳು ನಮ್ಮ ಮನೆಗಳ ಜಗಲಿಯಲ್ಲಿಯೂ ದೇವಾಲಯಗಳ ಕಲ್ಲುಚಪ್ಪಡಿಗಳ ಮೇಲೆಯೂ ಗೆರೆಗಳಾಗಿ ಉಳಿದಿವೆ. ಅಜ್ಜಿಯೂ ಮೊಮ್ಮಗನೂ ಸಮಾನರಾಗಿ ಕೂಡುತ್ತಿದ್ದುದು ಆ ಮಣೆಯ ಮುಂದೆಯೇ. ಪರದೆಯ ಆಟವು ಆ ಕುಲದ್ದೇ. ಮಣೆ ಬದಲಾಗಿದೆ, ಅಷ್ಟೆ.

ಆದರೆ ಗೆರೆಯ ಈಚೆಗೂ ಜೂಜು ನುಸುಳಿದೆಯೆಂಬ ಎಚ್ಚರವು ಶಾಸನಕರ್ತರಿಗೆ ಇರಬೇಕು. ಎಷ್ಟೋ ‘ಪುಕ್ಕಟೆ’ ಆಟಗಳಲ್ಲಿ ಹಣ ಕೊಟ್ಟು ಕೊಳ್ಳುವ ಮುಚ್ಚಿದ ಪೆಟ್ಟಿಗೆಗಳಿರುತ್ತವೆ. ಒಳಗೆ ಅಪೂರ್ವವಾದ ಕತ್ತಿಯಿರಬಹುದು, ಕೆಲಸಕ್ಕೆ ಬಾರದ ಟೋಪಿಯಿರಬಹುದು, ತೆರೆಯುವವರೆಗೆ ತಿಳಿಯದು. ಲೂಟ್ ಬಾಕ್ಸ್ ಎಂಬ ಈ ಪೆಟ್ಟಿಗೆಯನ್ನು ಕೊಳ್ಳುವವರಲ್ಲಿ ಮಕ್ಕಳೂ ಇದ್ದಾರೆ. ೨೦೧೮ರಲ್ಲಿ ಬೆಲ್ಜಿಯಂ ದೇಶದ ಅಧಿಕಾರಿಗಳು ಕೆಲವು ಪ್ರಸಿದ್ಧ ಆಟಗಳಲ್ಲಿದ್ದ ಇಂಥ ಪೆಟ್ಟಿಗೆಗಳು ಜೂಜಿನ ಕಾಯದೆಗೆ ವಿರುದ್ಧವೆಂದು ನಿರ್ಣಯಿಸಿದರು. ಗೆದ್ದದ್ದು ಹಣವಾಗಿ ಕೈಸೇರುವುದಿಲ್ಲವಾದ ಕಾರಣ ನಮ್ಮ ಶಾಸನದ ಬಲೆಗೆ ಇವು ಸಿಕ್ಕುವುವೋ ಇಲ್ಲವೋ ಎಂಬುದು ಸಂದೇಹಾಸ್ಪದ. ಪಣವೇ ನಿಜವಾದ ಒರೆಗಲ್ಲೆಂದು ಒಮ್ಮೆ ಒಪ್ಪಿದ ಮೇಲೆ, ಎಂಟು ವರ್ಷದ ಹುಡುಗನ ಕೈಯಿಂದ ಕಟ್ಟಿಸುವ ಪಣವನ್ನು ಬೇರೆ ಹೆಸರಿನಿಂದ ಬಿಟ್ಟುಬಿಡುವುದು ಯುಕ್ತವಲ್ಲ. ಈ ಒಂದು ತಿದ್ದುಪಡಿಯನ್ನು ನಮ್ಮ ಪ್ರಜಾಪ್ರತಿನಿಧಿಗಳು ಆಗ್ರಹಪೂರ್ವಕವಾಗಿ ಕೇಳಬೇಕು.

ಹಣವಿಲ್ಲದ ಆಟದಲ್ಲಿಯೂ ಅತಿಯಾದರೆ ಅನರ್ಥವಿಲ್ಲವೆ ಎಂದು ತಾಯಿತಂದೆಗಳು ಕೇಳುವರು. ಇದೆ. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ತನ್ನ ರೋಗಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯು ೨೦೨೨ರ ಜನವರಿಯಿಂದ ಜಾರಿಗೆ ಬಂದಿತು. ಅದಕ್ಕೂ ಮೊದಲೇ, ೨೦೧೪ರಲ್ಲಿಯೇ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ತಂತ್ರಜ್ಞಾನದ ಹಿತಮಿತವಾದ ಬಳಕೆಗಾಗಿ ಒಂದು ಚಿಕಿತ್ಸಾ ವಿಭಾಗವನ್ನು ತೆರೆದರೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ವಿಷಯ. ಆದರೆ ಹೆಚ್ಚು ಹೊತ್ತು ಆಡುವ ಹುಡುಗರೆಲ್ಲರೂ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಊಟ ನಿದ್ರೆ ಓದುಗಳೆಲ್ಲ ಹಿಂದೆ ಬಿದ್ದು, ಹಾನಿಯು ಕಣ್ಣಿಗೆ ಕಂಡರೂ ಬಿಡಲಾಗದೆ ಹೋದರೆ ಮಾತ್ರ ಅದು ವೈದ್ಯರ ವಿಷಯ. ಈ ಭೇದವನ್ನು ಅರಿಯದೆ ಹುಡುಗನನ್ನು ಹೊಡೆದು ಫೋನನ್ನು ಕಸಿಯುವುದರಿಂದ ಅನರ್ಥವು ಹೆಚ್ಚುವುದೇ ಹೊರತು ತಗ್ಗಲಾರದು.

ಬರಿಯ ಕಟ್ಟಳೆಯಿಂದ ಮಕ್ಕಳನ್ನು ತಿದ್ದಹೊರಟ ದೇಶಗಳ ಅನುಭವವೂ ನಮ್ಮ ಮುಂದಿದೆ. ದಕ್ಷಿಣ ಕೊರಿಯಾದವರು ೨೦೧೧ರಲ್ಲಿ, ಹದಿನಾರು ವರ್ಷಕ್ಕಿಂತ ಚಿಕ್ಕವರು ನಡುರಾತ್ರಿಯಿಂದ ಬೆಳಗಿನ ಆರು ಗಂಟೆಯವರೆಗೆ ಆನ್‌ಲೈನ್ ಆಟವನ್ನು ಆಡಕೂಡದೆಂದು ಶಾಸನ ಮಾಡಿದರು. ಹತ್ತು ವರ್ಷಗಳ ತರುವಾಯ ಅದನ್ನು ತಾವೇ ರದ್ದುಮಾಡುವುದಾಗಿ ಸಾರಿದರು. ಚೀನದವರು ೨೦೨೧ರಲ್ಲಿ, ಹದಿನೆಂಟು ತುಂಬದವರು ಶುಕ್ರವಾರ, ಶನಿವಾರ, ರವಿವಾರ ಮತ್ತು ರಜಾದಿನಗಳಂದು ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಆಡಬಹುದೆಂದು ವಿಧಿಸಿದರು. ನಮ್ಮಲ್ಲಿಯೂ ೨೦೨೦ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಆಟವು ಬೇರೆ ಕಾರಣಗಳಿಂದ ನಿಷಿದ್ಧವಾಯಿತು. ಮರುವರ್ಷವೇ ಅದು ಹೊಸ ಹೆಸರಿನಿಂದ ಬಂದಿತು. ಮನೆಯೊಳಗಿನ ಹೊತ್ತನ್ನು ಪೋಲೀಸಿನವರು ಅಳೆಯಲಾರರು. ಜೂಜಿನ ವ್ಯಾಪಾರಿಯನ್ನು ಹಿಡಿಯುವುದು ಶಾಸನದ ಕೆಲಸ; ಮಗುವಿನ ಸಂಜೆಯನ್ನು ತುಂಬುವುದು ನಮ್ಮ ಕೆಲಸ.

ಆ ಸಂಜೆಗೆ ನಾವು ಏನನ್ನು ಉಳಿಸಿದ್ದೇವೆ? ಲಗೋರಿ ಚಿನ್ನಿದಾಂಡುಗಳನ್ನು ಆಡುತ್ತಿದ್ದ ಬಯಲುಗಳು ಸೈಟುಗಳಾದುವು. ಮೈದಾನವಿಲ್ಲದ ಶಾಲೆಗಳಿಗೆ ಅನುಮತಿಯನ್ನು ಕೊಟ್ಟವರು ಯಾರು? ಉದ್ಯಾನಗಳಲ್ಲಿ ‘ಇಲ್ಲಿ ಆಟವಾಡಕೂಡದು’ ಎಂಬ ಫಲಕವನ್ನು ನೆಟ್ಟವರು ಯಾರು? ಹುಡುಗರು ಫೋನಿನೊಳಗೆ ಹೊಕ್ಕರೆಂದು ದೂರುವ ಮೊದಲು, ಹೊರಗಿನ ಬಾಗಿಲನ್ನು ಮುಚ್ಚಿದವರು ನಾವೇ ಎಂಬುದನ್ನು ನೆನೆಯೋಣ. ಪುರಸಭೆಗಳ ಸದಸ್ಯರೂ ವಿದ್ಯಾ ಇಲಾಖೆಯ ಅಧಿಕಾರಿಗಳೂ ಇದಕ್ಕೆ ಉತ್ತರವಾದಿಗಳು.

ಇನ್ನೊಂದು ಮಾತು ಭಾಷೆಯ ವಿಷಯವಾಗಿ. ಈ ಬಗೆಯ ಉದ್ಯಮಕ್ಕೆ ೨೦೧೨ರಲ್ಲಿಯೇ ಪ್ರತ್ಯೇಕವಾದ ನೀತಿಯನ್ನು ರೂಪಿಸಿದ ಕೀರ್ತಿಯು ಕರ್ನಾಟಕದ್ದು. ೨೦೨೪ರಲ್ಲಿ ಅದನ್ನು ಮತ್ತೆ ಹೊಸದಾಗಿ ಮಾಡಿದರು. ಆದರೆ ಬೆಂಗಳೂರಿನ ತರುಣರು ಜಗತ್ತಿಗೆಲ್ಲ ಆಟಗಳನ್ನು ಕಟ್ಟುತ್ತಿರುವಾಗ, ಕನ್ನಡದಲ್ಲಿ ಮಾತನಾಡುವ, ಕನ್ನಡ ನಾಡಿನ ಕಥೆಯನ್ನು ಹೇಳುವ ಆಟಗಳು ಅತ್ಯಂತ ವಿರಳ. ಪುಣೆಯ ಚಿಕ್ಕ ಸಂಸ್ಥೆಯೊಂದು ೨೦೨೦ರಲ್ಲಿ ಭಾರತೀಯ ಪುರಾಣಗಳನ್ನು ಆಧರಿಸಿದ ‘ರಾಜಿ’ ಎಂಬ ಆಟವನ್ನು ಹೊರತಂದು ಹೊರದೇಶಗಳಲ್ಲಿ ಹೆಸರು ಮಾಡಿತು. ನಮ್ಮಲ್ಲಿ ಯಕ್ಷಗಾನವಿಲ್ಲವೆ? ಹಂಪಿಯಿಲ್ಲವೆ? ಜೂಜಿನ ಕಂಪನಿಗಳಿಂದ ಬಿಡುಗಡೆಯಾದ ಬುದ್ಧಿಶಕ್ತಿಗೆ ಇದಕ್ಕಿಂತ ಘನವಾದ ಕೆಲಸ ಯಾವುದಿದೆ? ಸರಕಾರವು ನೀಡುವ ಪ್ರತಿಯೊಂದು ಸಹಾಯಧನಕ್ಕೂ ಕನ್ನಡದ ರೂಪವನ್ನೂ ತರಬೇಕೆಂಬ ನಿಬಂಧನೆಯನ್ನು ಹಾಕಲಿ.

ಕೊನೆಯದಾಗಿ ನಮ್ಮ ಪಟ್ಟಣಗಳ ಸುಶಿಕ್ಷಿತ ಮಹಾಜನರಲ್ಲಿ ಒಂದು ವಿನಂತಿ. ಮಗನ ಕೈಯಿಂದ ಫೋನನ್ನು ಕೆಳಗಿಡಿಸುವ ತಂದೆಯು ತಾನು ಸಂಜೆ ಕ್ಲಬ್ಬಿನಲ್ಲಿ ಹಣವಿಟ್ಟು ಎಲೆ ಹಂಚುತ್ತಿರಬಾರದು. ಅಡ್ಡೆಯ ಮೇಲೆ ದಾಳಿಮಾಡಿಸುವ ಅಧಿಕಾರಿಯು ರವಿವಾರ ರೇಸಿನ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡಿರಬಾರದು. ಪಣವು ಎಲ್ಲಿದ್ದರೂ ಪಣವೇ ಎಂಬ ತತ್ತ್ವವನ್ನು ಶಾಸನವು ಫೋನಿನ ಮಟ್ಟಿಗೆ ಒಪ್ಪಿದೆ. ಅದನ್ನು ಕ್ಲಬ್ಬಿಗೂ ರೇಸ್‌ಕೋರ್ಸಿಗೂ ಒಯ್ಯುವ ಧೈರ್ಯವು ನಮಗುಂಟೆ? ಇಲ್ಲವಾದರೆ ಹುಡುಗರು ನಮ್ಮ ಉಪದೇಶವನ್ನು ಕೇಳರು. ಕೇಳದಿದ್ದರೆ ಅವರನ್ನು ದೂರುವ ಅಧಿಕಾರವೂ ನಮಗಿರದು.